ಸಮುದ್ರದಾಚೆಗೆ ಹೋದವರಿಗೆ ಮನೆಯ ಧೈರ್ಯ

ಊರು ಬಿಟ್ಟು ಹೊರಟವನಿಗೆ ಬುತ್ತಿ ಕಟ್ಟಿ ಕಳುಹಿಸುವುದು ನಮ್ಮ ನಾಡಿನ ಹಳೆಯ ವಾಡಿಕೆ. ಒಂದು ಹಗಲಿನ ದಾರಿಗೆ ನಾಲ್ಕು ರೊಟ್ಟಿ, ಒಂದಿಷ್ಟು ಚಟ್ನಿಪುಡಿ ಸಾಕು. ಆದರೆ ಸಮುದ್ರ ದಾಟಿ, ಪರಭಾಷೆಯ ಮಕ್ಕಳಿಗೆ ಪಾಠ ಹೇಳಲು ಹೊರಟ ಪಾದ್ರಿಗೆ ಎಂಥ ಬುತ್ತಿಯನ್ನು ಕಟ್ಟಬೇಕು? ಅವನು ಅಲ್ಲಿ ದಣಿದು ಕುಳಿತಾಗ ಮನೆಯವರು ಇಲ್ಲಿಂದ ಧೈರ್ಯ ತುಂಬುವ ಬಗೆ ಯಾವುದು? ಇಂದು ಬೇಸಗೆಯ ಎರಡು ಮೂರು ತಿಂಗಳ ಮಟ್ಟಿಗೆ ವಿಮಾನದಲ್ಲಿ ಹೋಗಿ, ಬೋಧಿಸಿ, ಮಳೆಗಾಲಕ್ಕೆ ಮನೆ ಸೇರುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗಿರಲಿಲ್ಲ. ಹೋದವರು ಹಿಂದಿರುಗುವ ಭರವಸೆಯೇ ಇರಲಿಲ್ಲ. ಹಾಗೆ ಬಂದವರಲ್ಲಿ ಕೆಲವರ ದುಡಿಮೆಯ ಫಲವನ್ನು ಉಂಡವರು ಕನ್ನಡಿಗರಾದ ನಾವು.

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ ದೇವಾಪುರವೆಂಬ ಊರಿದೆ. ‘ಜೈಮಿನಿ ಭಾರತ’ವನ್ನು ಬರೆದ ಲಕ್ಷ್ಮೀಶನು ತಮ್ಮೂರಿನವನೆಂದು ಇಲ್ಲಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕಡೂರು ತಾಲೂಕಿನ ದೇವನೂರಿನವರೂ ಅಷ್ಟೇ ಅಭಿಮಾನದಿಂದ ಆತನನ್ನು ತಮ್ಮವನೆನ್ನುತ್ತಾರೆ. ಆ ವಾದವನ್ನು ಪಂಡಿತರಿಗೆ ಬಿಡೋಣ. ಓಲೆಗರಿಗಳಲ್ಲಿಯೂ ಗಮಕಿಗಳ ಕಂಠದಲ್ಲಿಯೂ ಬಾಳುತ್ತಿದ್ದ ಆ ಕಾವ್ಯವನ್ನು ಮೊದಮೊದಲು ಅಚ್ಚಿಗೆ ತಂದವರಲ್ಲಿ ಜರ್ಮನಿಯಿಂದ ಬಂದ ಒಬ್ಬ ಪಾದ್ರಿಯೂ ಇದ್ದರೆಂಬುದು ಎರಡೂ ಊರಿನವರು ಸಂತೋಷದಿಂದ ಒಪ್ಪುವ ಮಾತು. ಅವರೇ ಹರ್ಮನ್ ಮೋಗ್ಲಿಂಗ್.

ಬಲ್ಮಠದ ಗುರುಗಳು

ಮೋಗ್ಲಿಂಗರು ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರವನ್ನು ಓದಿದರು. ಊರಿನಲ್ಲಿಯೇ ಉಳಿದಿದ್ದರೆ ಒಂದು ದೇವಾಲಯದ ಪಾದ್ರಿಯಾಗಿ ಸುಖದಿಂದ ಬಾಳಬಹುದಾಗಿತ್ತು. ಅದನ್ನು ಬಿಟ್ಟು, 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದಿಳಿದರು. ಸುವೇಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಸಾಗಿ ಬರಬೇಕಾಗಿತ್ತು. ಮನೆಯಿಂದ ಒಂದು ಕುಶಲಪತ್ರ ಬಂದು ಸೇರುವಷ್ಟರಲ್ಲಿ, ಅದನ್ನು ಬರೆದ ಕೈ ಬದುಕಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ.

ಬಂದವರ ಉದ್ದೇಶ ಮತಪ್ರಚಾರ, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಕಲಿಸಹೋದವನು ಮೊದಲು ತಾನೇ ಕಲಿಯಬೇಕಾಗುವುದೆಂಬ ಸತ್ಯವನ್ನು ಮೋಗ್ಲಿಂಗರು ಬೇಗನೆ ಕಂಡುಕೊಂಡರು. ಮಂಗಳೂರಿನ ಬಲ್ಮಠದಲ್ಲಿ ಹುಡುಗರಿಗೆ ಪಾಠ ಹೇಳುತ್ತಲೇ ಕನ್ನಡವನ್ನು ಸ್ವಾಧೀನಪಡಿಸಿಕೊಂಡರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಇಂದಿಗೂ ಆ ದಿನವನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಗಾದೆಗಳನ್ನು ಸಂಗ್ರಹಿಸಿದರು, ದಾಸರ ಪದಗಳನ್ನು ಕೂಡಿಸಿದರು.

ಹೊರೆಗೆ ಹೆಗಲು ಕೊಟ್ಟವರು

ಈ ಕೆಲಸವೆಲ್ಲ ಒಬ್ಬರಿಂದ ಆಗತಕ್ಕದ್ದಲ್ಲ. ಮೋಗ್ಲಿಂಗರ ಅದೃಷ್ಟಕ್ಕೆ ಅವರದೇ ಸೀಮೆಯ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ 1840ರಲ್ಲಿ ಬಂದು ಸೇರಿದರು. ಮನೆಯ ಮಾತನ್ನು ಆಡುವವನೊಬ್ಬ ಪಕ್ಕದಲ್ಲಿದ್ದರೆ ಪರದೇಶದ ಅರ್ಧ ಭಾರ ಇಳಿದಂತೆ. ವೈಗ್ಲೆಯವರು ಕನ್ನಡ ಬೈಬಲ್ಲಿನ ಪರಿಷ್ಕರಣಕ್ಕೆ ಕೈ ಹಚ್ಚಿದರು. ಕನ್ನಡ ಭಾಷೆ, ಸಾಹಿತ್ಯಗಳನ್ನು ಕುರಿತು ಜರ್ಮನ್ ವಿದ್ವಾಂಸರಿಗೆ ತಿಳಿಯುವಂತೆ ಲೇಖನ ಬರೆದರು.

ಎರಡನೆಯ ಆಸರೆ ಬಂದದ್ದು ನೀಲಗಿರಿಯಿಂದ. ಹಿಂದೆ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕಾಸಾಮೇಜರ್ ಎಂಬವರು ನಿವೃತ್ತರಾಗಿ ಅಲ್ಲಿಯ ಕೇತಿಯಲ್ಲಿ ನೆಲಸಿದ್ದರು. ಕನ್ನಡದ ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸಬೇಕೆಂಬ ಮೋಗ್ಲಿಂಗರ ಹಂಬಲಕ್ಕೆ ಅವರು ಬರಿಯ ಬಾಯಿಮಾತಿನ ಮೆಚ್ಚುಗೆ ಕೊಡಲಿಲ್ಲ, ಹಣ ಕೊಟ್ಟರು. ಅದರಿಂದ 1848ರಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ ಪ್ರಾರಂಭವಾಯಿತು. ‘ಜೈಮಿನಿ ಭಾರತ’, ‘ಬಸವ ಪುರಾಣ’, ದಾಸರ ಪದಗಳು ಅದರಲ್ಲಿ ಬೆಳಕು ಕಂಡವು. ಕ್ರೈಸ್ತ ಪಾದ್ರಿಗಳ ಅಚ್ಚುಕೂಟದಲ್ಲಿ ವೈಷ್ಣವ ಕವಿಯ ಕಾವ್ಯವೂ ವೀರಶೈವರ ಪುರಾಣವೂ ಅಚ್ಚಾದುದು ಸಣ್ಣ ಸಂಗತಿಯಲ್ಲ. ಕಾಸಾಮೇಜರರು 1849ರಲ್ಲಿ ತೀರಿಕೊಂಡರು. ಅವರು ನೆಟ್ಟ ಸಸಿ ಮಾತ್ರ ಉಳಿಯಿತು.

ಇನ್ನು ಮೂರನೆಯದು ಮನೆಯವರ ಚಿಲ್ಲರೆ ಕಾಸು. 1855ರಲ್ಲಿ ಬಾಸೆಲ್ ಪಟ್ಟಣದ ಕಾರ್ಲ್ ಸಾರಾಸಿನ್ ಎಂಬ ವರ್ತಕರು ಒಂದು ವಂತಿಗೆಯ ಪದ್ಧತಿಯನ್ನು ಹಾಕಿಕೊಟ್ಟರು. ಸೇರಿದವರೆಲ್ಲರೂ ವಾರಕ್ಕೊಮ್ಮೆ ಅತಿ ಸಣ್ಣದೊಂದು ನಾಣ್ಯವನ್ನು ಕೊಟ್ಟರೆ ಸಾಕು. ಬಡವರಿಗೂ ಅದು ಹೊರೆಯಲ್ಲ. ಎಂದೂ ಕಾಣದ ಮಂಗಳೂರು, ಧಾರವಾಡಗಳ ಸಲುವಾಗಿ ರೈತರೂ ಕೂಲಿಕಾರರೂ ಪ್ರತಿ ವಾರ ನೆನಪಿಟ್ಟು ಕಾಸು ತೆಗೆದಿಟ್ಟರು. ನಮ್ಮವರು ದೇವರ ಹೆಸರಿನಲ್ಲಿ ಮುಷ್ಟಿ ಅಕ್ಕಿಯನ್ನು ಮಡಕೆಯಲ್ಲಿ ಕೂಡಿಡುವಂತೆಯೇ ಅದು. ವಾರವಾರವೂ ಯಾರೋ ತನ್ನನ್ನು ನೆನೆಯುತ್ತಿದ್ದಾರೆಂಬ ತಿಳಿವಿಗೆ ನಾಣ್ಯಕ್ಕಿಂತ ಹೆಚ್ಚಿನ ಬೆಲೆಯಲ್ಲವೆ?

ಕುಸಿದ ದಿನಗಳು

ಹೀಗೆಂದ ಮಾತ್ರಕ್ಕೆ ಮನೆಯಿಂದ ಯಾವಾಗಲೂ ಹೂವೇ ಬಂದಿತೆಂದು ವಾಚಕರು ತಿಳಿಯಬಾರದು. ಹದಿನಾರು ವರ್ಷಗಳ ದುಡಿಮೆಯ ಬಳಿಕ ಮೋಗ್ಲಿಂಗರು ಮಿಶನ್ನನ್ನು ಬಿಟ್ಟು ಊರಿಗೆ ಮರಳುವ ಮನಸ್ಸು ಮಾಡಿದ್ದರು. ಆಗ ಕೊಡಗಿನ ಅಲಮಂಡ ಸೋಮಯ್ಯ ಎಂಬವರು ಅವರನ್ನು ಅರಸಿಕೊಂಡು ಬಂದರು. ಹೊರಟಿದ್ದ ಪಾದ್ರಿಗಳು 1853ರಲ್ಲಿ ಹಡಗು ಹತ್ತುವ ಬದಲು ಕೊಡಗಿನ ಘಟ್ಟವನ್ನು ಹತ್ತಿದರು. ಅಲ್ಲಿಯ ಕೆಲಸ ಮೊದಲ ವರ್ಷಗಳಲ್ಲಿ ಸ್ನೇಹಿತರ ನೆರವಿನಿಂದಲೇ ನಡೆಯಿತು. 1855ರಲ್ಲಿ ಗೆಳೆಯ ವೈಗ್ಲೆ ಮಂಗಳೂರಿನಲ್ಲಿ ಮಡಿದರು. ಅವರ ವಿಧವೆ ಪೌಲೀನರನ್ನು ಮೋಗ್ಲಿಂಗರು ಅನಂತರ ಕೈಹಿಡಿದು, ಆ ತಬ್ಬಲಿ ಮಕ್ಕಳಿಗೆ ತಂದೆಯಾದರು.

ಇಂಥ ಹೊತ್ತಿನಲ್ಲಿ, 1858ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರ ಕನ್ನಡ ಸಾಹಿತ್ಯಸೇವೆಗಾಗಿ ಗೌರವ ಡಾಕ್ಟರೇಟ್ ಪದವಿಯನ್ನು ದಯಪಾಲಿಸಿತು. ತಾನು ಓದಿದ ಶಾಲೆಯೇ ತನ್ನ ಶ್ರಮವನ್ನು ಕಂಡಿತೆಂಬ ಸುದ್ದಿ ಕೊಡಗಿನ ಕಾಡಿಗೆ ಬಂದು ಮುಟ್ಟಿದಾಗ ಅದರ ತೂಕವೆಷ್ಟಿದ್ದಿರಬೇಕು!

ಸುರಪುರದ ಗುಡ್ಡದ ಮೇಲೆ

ಮೋಗ್ಲಿಂಗರು ಮಂಗಳೂರಿನಲ್ಲಿದ್ದ ಕಾಲದಲ್ಲಿಯೇ ದೇವಾಪುರಕ್ಕೆ ಸಮೀಪದ ಸುರಪುರದಲ್ಲಿ ಇನ್ನೊಬ್ಬ ಪರದೇಶಿಯಿದ್ದನು. ಆತನು ಪಾದ್ರಿಯಲ್ಲ, ಅಧಿಕಾರಿ. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಈ ಸಂಸ್ಥಾನದ ಮೇಲ್ವಿಚಾರಣೆ ನಡೆಸಿ, ಬಾಲಕ ದೊರೆ ವೆಂಕಟಪ್ಪನಾಯಕನ ವಿದ್ಯಾಭ್ಯಾಸವನ್ನೂ ನೋಡಿಕೊಂಡನು. ಹುಡುಗನು ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಟೇಲರನ ಪತ್ನಿ 1844ರಲ್ಲಿ ತೀರಿಕೊಂಡಳು. ಇಬ್ಬರು ಹೆಣ್ಣುಮಕ್ಕಳು ಕಡಲಾಚೆ ಬಂಧುಗಳ ಬಳಿ ಬೆಳೆಯುತ್ತಿದ್ದರು. ಗುಡ್ಡದ ಮೇಲಿನ ಬಂಗಲೆಯಲ್ಲಿ ಆತನಿಗೆ ಆಧಾರವಾದದ್ದು ಇಂಗ್ಲೆಂಡಿನ ಸೋದರಸಂಬಂಧಿ ಹೆನ್ರಿ ರೀವನೊಡನೆ ನಡೆಸಿದ ಪತ್ರವ್ಯವಹಾರ. ಟೇಲರನು ಬರೆದ ಆ ಕಾಗದಗಳು 1947ರಲ್ಲಿ ಪುಸ್ತಕವಾಗಿ ಹೊರಬಂದುವು.

ಗುರುವಿಗೆ ಕಷ್ಟಸುಖ ಹೇಳಿಕೊಳ್ಳಲು ಕಡಲಾಚೆ ಒಬ್ಬನಿದ್ದನು. ಶಿಷ್ಯನಿಗೆ? 1853ರಲ್ಲಿ ಗುರು ಹೊರಟುಹೋದನು. 1858ರಲ್ಲಿ ಆಂಗ್ಲರ ವಿರುದ್ಧ ಎದ್ದ ತರುಣ ದೊರೆ ಸೋತು, ಸೆರೆಯಾಗಿ, ಸೆರೆಮನೆಗೆ ಒಯ್ಯುವ ದಾರಿಯಲ್ಲಿಯೇ ಗುಂಡಿಗೆ ಬಲಿಯಾದನು. ಕಲಿಸುವವನಿಗಷ್ಟೇ ಅಲ್ಲ, ಕಲಿಯುವವನಿಗೂ ಬೆನ್ನ ಹಿಂದೆ ಒಂದು ಕೈ ಬೇಕೆಂಬುದನ್ನು ಸುರಪುರದ ಕೋಟೆ ಇಂದಿಗೂ ನೆನಪಿಸುತ್ತದೆ.

ಇಲ್ಲಿಂದ ಅಲ್ಲಿಗೆ

ಕನ್ನಡ ಸೀಮೆಯಿಂದ ಪರದೇಶಕ್ಕೆ ಹೋದ ಕಥೆಯೂ ಒಂದಿದೆ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ಗುರುಗಳ ಹೆಸರಾದ ಹರ್ಮನ್ ಎಂಬುದನ್ನೇ ಇಟ್ಟುಕೊಂಡರು. 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ತೆರಳಿ, ಐದು ವರ್ಷ ಓದಿ, ಪಾದ್ರಿಯಾಗಿ 1851ರಲ್ಲಿ ಹಿಂದಿರುಗಿದರು. ತಾವು ಕಲಿತ ಮಂಗಳೂರಿನಲ್ಲಿಯೇ ಗುರುಗಳಾದರು. ಮತಾಂತರದಿಂದ ಸ್ವಜನರ ಸಂಬಂಧ ಕಡಿದಿದ್ದ ಆ ಯುವಕರಿಗೆ ಗುರುವೇ ಮನೆಯಾದರು. ಮನೆಯೆಂದರೆ ಹುಟ್ಟಿದ ಮನೆಯೇ ಆಗಬೇಕೆಂದಿಲ್ಲ.

ತಡವಾಗಿ ಬಂದ ಮಾತು

ಕೊನೆಗೆ ಫರ್ಡಿನೆಂಡ್ ಕಿಟ್ಟೆಲರ ಮಾತು. ಪಾದ್ರಿಯ ಮಗನಾದ ಅವರು 1853ರಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿ ಕನ್ನಡ ನಾಡಿಗೆ ಬಂದರು. ಹಳಗನ್ನಡದಲ್ಲಿ ಅವರಿಗಿದ್ದ ಆಸಕ್ತಿ ಜೊತೆಯ ಪಾದ್ರಿಗಳೆಲ್ಲರಿಗೂ ಹಿಡಿಸಲಿಲ್ಲ. ಆದರೂ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸನ್ನೂ ಪರಿಷ್ಕರಿಸಿ ಅಚ್ಚು ಹಾಕಿಸಿದರು. 1877ರಲ್ಲಿ ಜರ್ಮನಿಗೆ ಮರಳಿದವರು, ನಿಘಂಟಿನ ಕೆಲಸಕ್ಕಾಗಿ ಸಂಸಾರವನ್ನು ಅಲ್ಲಿಯೇ ಬಿಟ್ಟು 1883ರಲ್ಲಿ ಮತ್ತೆ ಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ಹೋಗಿಬನ್ನಿರೆಂದು ಕಳುಹಿಸಿಕೊಟ್ಟ ಆ ಮನೆಯ ತ್ಯಾಗವನ್ನು ಯಾವ ನಿಘಂಟಿನ ಪುಟದಲ್ಲಿಯೂ ಬರೆದಿಲ್ಲ. ಸುಮಾರು 70,000 ಶಬ್ದಗಳ ಆ ಮಹಾಕೋಶ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಟ್ಯೂಬಿಂಗನ್ನಿನ ಡಾಕ್ಟರೇಟ್ ಪದವಿ ಅವರಿಗೆ ಬಂದದ್ದು 1896ರಲ್ಲಿ. 1903ರಲ್ಲಿ ಅವರು ಕಣ್ಮುಚ್ಚಿದರು.

ಮೋಗ್ಲಿಂಗರಿಗೆ ಮನ್ನಣೆ ನಡುದಾರಿಯಲ್ಲಿ ಬಂದಿತು. ಕಿಟ್ಟೆಲರಿಗೆ ದಾರಿ ಮುಗಿದ ಮೇಲೆ. ಮನ್ನಣೆ ಎರಡೂ ಒಂದೇ. ಆದರೆ ಬಾಯಾರಿದಾಗ ಕೊಟ್ಟ ನೀರಿಗೂ ಊಟದ ಬಳಿಕ ಕೊಟ್ಟ ವೀಳ್ಯಕ್ಕೂ ಇರುವ ಅಂತರ ಇವೆರಡಕ್ಕೂ ಉಂಟು.

ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಊರಿಗೆ ಮರಳಿದ ಮೋಗ್ಲಿಂಗರು ಸುಮ್ಮನೆ ಕೂರಲಿಲ್ಲ. 1870ರ ಸುಮಾರಿಗೆ ‘ಜೈಮಿನಿ ಭಾರತ’ದ ಮೊದಲ ಸಂಧಿಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಲಿಸಲು ಬಂದವರು ಇಲ್ಲಿ ಕಲಿತದ್ದನ್ನು ತಮ್ಮ ಮನೆಗೆ ಕೊಂಡೊಯ್ದರು. ಮನೆಯವರು ವಾರವಾರವೂ ಎತ್ತಿಟ್ಟ ಕಾಸಿಗೆ ದೇವಪುರದ ಕವಿ ಬಡ್ಡಿಸಹಿತ ಸಾಲ ತೀರಿಸಿದನೆನ್ನಬಹುದು.

ಇಂದು ಕ್ಷಣಮಾತ್ರದಲ್ಲಿ ದೂರದ ಮುಖವನ್ನು ಕಂಡು ಮಾತನಾಡುತ್ತೇವೆ. ಆದರೂ ‘ಚೆನ್ನಾಗಿದ್ದೀರಾ?’ ಎಂದು ಕೇಳುವುದಷ್ಟೇ ಧೈರ್ಯ ಹೇಳುವುದಲ್ಲ. ನಿಮ್ಮ ಸಭೆಯ ಪಾದ್ರಿಯೋ, ಊರಿನ ಮೇಷ್ಟರೋ, ಮನೆಯ ಮಗಳೋ ಪರದೇಶದಲ್ಲಿ ಕಲಿಸುತ್ತಿದ್ದರೆ, ಅವರು ಅಲ್ಲಿ ಏನನ್ನು ಕಲಿಸುತ್ತಿದ್ದಾರೆಂಬುದನ್ನು ಕೇಳಿ ತಿಳಿಯಿರಿ. ಅವರು ಬಿಟ್ಟುಹೋದ ಕೆಲಸದಲ್ಲಿ ಒಂದನ್ನು ಇಲ್ಲಿ ನೀವು ಮಾಡಿ. ಅವರ ವೃದ್ಧ ತಾಯಿತಂದೆಗಳ ಮನೆಯ ಕಡೆಗೆ ಒಮ್ಮೆ ಹೋಗಿಬನ್ನಿ. ಮೆಚ್ಚುಗೆಯ ಮಾತೊಂದಿದ್ದರೆ, ಅವರು ಹಿಂದಿರುಗಿದ ಮೇಲೆ ಹಾರ ಹಾಕಿ ಹೇಳುವುದಕ್ಕೆಂದು ಇಟ್ಟುಕೊಳ್ಳದೆ, ಈ ವಾರವೇ ಬರೆದು ಕಳುಹಿಸಿ.