ಪುಸ್ತಕದ 25 ಡಿಗ್ರಿ, ನಮ್ಮೂರಿನ 42 ಡಿಗ್ರಿ

ಏಪ್ರಿಲ್ 14. ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಂಬೇಡ್ಕರ್ ಅವರ ಬಗ್ಗೆ ಭಾಷಣ ಮಾಡುತ್ತಿದ್ದಳು. ಮೈಕ್ ಮುಂದೆ ನಿಂತದ್ದು ಅದೇ ಮೊದಲು. ಎರಡು ವಾರ ಕೂತು ಬರೆದು, ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆಂಪ್ಲಿಫೈಯರ್ ನಾನೇ ಕಟ್ಟಿದ್ದು. ನಾಲ್ಕನೇ ವಾಕ್ಯಕ್ಕೆ ಧ್ವನಿ ಟಪ್ ಅಂತ ನಿಂತಿತು. ವೈರ್ ಅಲುಗಾಡಿಸಿದೆ, ಫ್ಯೂಸ್ ತೆಗೆದು ನೋಡಿದೆ, ಎಲ್ಲಾ ಸರಿ ಇತ್ತು. ಪಾಪ, ಅವಳು ಗಂಟಲು ಏರಿಸಿ ಹೇಗೋ ಮುಗಿಸಿದಳು. ಹಿಂದಿನ ಸಾಲಿನವರಿಗೆ ಒಂದು ಮಾತೂ ಕೇಳಿಸಲಿಲ್ಲ. ಅವಳು ಹೋಗಿ ಕೂತು ಹತ್ತು ನಿಮಿಷವಾದ ಮೇಲೆ ಆಂಪ್ಲಿಫೈಯರ್ ತಾನಾಗೇ ಮಾತಾಡತೊಡಗಿತು!

ಜನವರಿಯಲ್ಲಿ ಇದೇ ಆಂಪ್ಲಿಫೈಯರನ್ನು ಪ್ರಯೋಗಾಲಯದಲ್ಲಿ ಗಂಟೆಗಟ್ಟಲೆ ನುಡಿಸಿ ಪರೀಕ್ಷೆ ಮಾಡಿದ್ದೆ. ಒಮ್ಮೆಯೂ ನಿಂತಿರಲಿಲ್ಲ. ಹಾಗಾದರೆ ಏಪ್ರಿಲ್‌ನಲ್ಲಿ ಏನಾಯಿತು? ತಪ್ಪು ಚಿಪ್‌ನದಲ್ಲ, ನನ್ನದು. ನಿಮ್ಮಲ್ಲಿ ಹಲವರು ಬಳ್ಳಾರಿಯಿಂದ ಕಿಟ್ ತಂದು ಆಂಪ್ಲಿಫೈಯರ್ ಕಟ್ಟುತ್ತೀರಿ ಅಂತ ಗೊತ್ತು. ಅದೇ ತಪ್ಪು ನೀವೂ ಮಾಡಬಾರದು ಅಂತ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಶ್ರಾವಣದಲ್ಲಿ ನೇಮಕಲ್ಲು ಆಂಜನೇಯನ ಗುಡಿಯ ಹತ್ತಿರ ಮೈಕ್ ಸೆಟ್ ಹಾಕುತ್ತಾರಲ್ಲ, ಆ ಆಂಪ್ಲಿಫೈಯರನ್ನು ಒಮ್ಮೆ ಎತ್ತಲು ಕೇಳಿ ನೋಡಿ. ಒಬ್ಬರೇ ಎತ್ತುವುದು ಕಷ್ಟ. ಆ ತೂಕವೆಲ್ಲಾ ಎಲ್ಲಿಂದ ಬಂತು? ಬಹುಪಾಲು ಟ್ರಾನ್ಸ್‌ಫಾರ್ಮರ್, ಉಳಿದದ್ದರಲ್ಲಿ ಹೆಚ್ಚು ಹೀಟ್ ಸಿಂಕ್. ಧ್ವನಿಯನ್ನು ದೊಡ್ಡದು ಮಾಡುವ ಭಾಗಗಳು ಅಂಗೈಯಲ್ಲಿ ಹಿಡಿಸುತ್ತವೆ. ನಾವು ಮಾತ್ರ ಆ ಅಂಗೈಯಷ್ಟರ ಮೇಲೇ ಕಣ್ಣಿಟ್ಟು, ಉಳಿದದ್ದನ್ನು ಅಂಗಡಿಯವರು ಕೊಟ್ಟದ್ದು ತಂದುಬಿಡುತ್ತೇವೆ.

ಮೊದಲು ಟ್ರಾನ್ಸ್‌ಫಾರ್ಮರ್ ನೋಡೋಣ. ನನ್ನದು ಟಿಡಿಎ 2030ಎ ಅನ್ನುವ ಐದು ಕಾಲಿನ ಚಿಪ್, 8 ಓಮ್ ಸ್ಪೀಕರ್. ಟ್ರಾನ್ಸ್‌ಫಾರ್ಮರ್ 12-0-12. ಈ 12 ವೋಲ್ಟ್ ಅನ್ನುವುದು ಪರ್ಯಾಯ ವಿದ್ಯುತ್ತಿನ ಪರಿಣಾಮಕ ಬೆಲೆ. ಕೆಪಾಸಿಟರ್ ತುಂಬಿಕೊಳ್ಳುವುದು ಅಲೆಯ ತುದಿಯವರೆಗೆ, ಅಂದರೆ 12 × 1.414 = ಸುಮಾರು 17 ವೋಲ್ಟ್. ಡಯೋಡ್‌ನಲ್ಲಿ ಒಂದು ವೋಲ್ಟಿನಷ್ಟು ಹೋಗಿ 16 ಉಳಿಯುತ್ತದೆ. ಧನ ಕಡೆ 16, ಋಣ ಕಡೆ 16. ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ.

ನಮ್ಮೂರಿನ ಕರೆಂಟ್ ಪುಸ್ತಕದ ಹಾಗಿಲ್ಲ. ಹೊಲದ ಮೋಟಾರುಗಳೆಲ್ಲಾ ನಿಂತ ಹೊತ್ತಿನಲ್ಲಿ ಮನೆಯ 230 ವೋಲ್ಟ್ 250ಕ್ಕೆ ಏರುವುದುಂಟು. ಇದು ಶೇ. 9ರಷ್ಟು ಹೆಚ್ಚು. ಸ್ಪೀಕರ್ ಸುಮ್ಮನಿರುವಾಗ, ಅಂದರೆ ಹೊರೆ ಇಲ್ಲದಾಗ, ಸಣ್ಣ ಟ್ರಾನ್ಸ್‌ಫಾರ್ಮರ್ ತನ್ನ ಹೆಸರಿಗಿಂತ ಶೇ. 10ರಷ್ಟು ಹೆಚ್ಚೇ ಕೊಡುತ್ತದೆ. ಎರಡೂ ಸೇರಿದರೆ 12 ಇದ್ದದ್ದು 14.3 ಆಗುತ್ತದೆ. ಅದರ ತುದಿ 20ಕ್ಕಿಂತ ಸ್ವಲ್ಪ ಮೇಲೆ, ಡಯೋಡ್ ಕಳೆದು 19.5 ವೋಲ್ಟ್. ಹಳೆಯ ಟಿಡಿಎ 2030 ತಡೆದುಕೊಳ್ಳುವ ಮಿತಿ ಎರಡೂ ಕಡೆ 18 ವೋಲ್ಟ್. 2030ಎ ಅನ್ನುವುದಕ್ಕೆ 22. ಹೆಸರಿನ ಕೊನೆಯ ಒಂದೇ ಒಂದು ‘ಎ’ ಅಕ್ಷರ! ಅಂಗಡಿಯಲ್ಲಿ ‘ಎರಡೂ ಒಂದೇ, ತಗೊಳ್ಳಿ’ ಅಂದರೆ ಕೇಳಬೇಡಿ. ‘ಎ’ ಸಿಗದಿದ್ದರೆ 9-0-9 ಟ್ರಾನ್ಸ್‌ಫಾರ್ಮರ್ ಹಾಕಿ. ಧ್ವನಿ ಕಡಿಮೆಯಾಗುತ್ತದೆ, ಚಿಪ್ ಉಳಿಯುತ್ತದೆ.

ಇನ್ನು ಎಷ್ಟು ಆಂಪಿಯರ್? ಒಂದೇ ಸ್ಪೀಕರಿಗೆ ಪೂರ್ತಿ ಧ್ವನಿ ಕೊಟ್ಟಾಗ ಈ ಆಂಪ್ಲಿಫೈಯರ್ ಸುಮಾರು 16 ವ್ಯಾಟ್ ಎಳೆಯುತ್ತದೆ, ಸ್ಪೀಕರಿಗೆ ಹೋಗುವುದು ಅದರಲ್ಲಿ 10 ಚಿಲ್ಲರೆ. ಡಯೋಡ್ ಮತ್ತು ಕೆಪಾಸಿಟರ್ ಇರುವ ಕಡೆ ಕರೆಂಟ್ ಸಣ್ಣ ಸಣ್ಣ ಹೊಡೆತಗಳಾಗಿ ಹರಿಯುವುದರಿಂದ ಟ್ರಾನ್ಸ್‌ಫಾರ್ಮರ್ ಒಂದೂವರೆ ಪಟ್ಟು ದೊಡ್ಡದಿರಬೇಕು, ಅಂದರೆ 24-25 ವೋಲ್ಟ್-ಆಂಪಿಯರ್. 12-0-12ರಲ್ಲಿ 1 ಆಂಪಿಯರ್‌ದು 24 ಆಗುತ್ತದೆ. ಸರಿಯಾಗಿ ಅಂಚಿಗೆ ಬಂತು. ಆದ್ದರಿಂದ 2 ಆಂಪಿಯರ್‌ದೇ ತನ್ನಿ. ಕೊಳ್ಳುವಾಗ ಒಂದೇ ಹೆಸರಿನ ಎರಡನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ, ಭಾರವಾದದ್ದನ್ನು ತಗೊಳ್ಳಿ. ಇದೇನು ಬದನೆಕಾಯಿ ವ್ಯಾಪಾರವಾ ಅಂತ ನಗಬೇಡಿ. ಒಳಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದ್ದರೆ ತೂಕ ಕಡಿಮೆ, ಅಷ್ಟೇ ದಪ್ಪದ ತಂತಿಗೆ ರೋಧ ಒಂದೂವರೆ ಪಟ್ಟಿಗಿಂತ ಹೆಚ್ಚು. ಬಿಸಿಯಾಗುವುದೂ ಹೆಚ್ಚು.

ಡಯೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಿಟ್‌ನಲ್ಲಿ 1ಎನ್4007 ಕೊಡುತ್ತಾರೆ, ಅದು 1 ಆಂಪಿಯರ್‌ದು. 1ಎನ್5408 ನಾಲ್ಕು ತನ್ನಿ, 3 ಆಂಪಿಯರ್‌ದು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಕೆಪಾಸಿಟರ್ ಅನ್ನು ನೀರಿನ ತೊಟ್ಟಿ ಅಂದುಕೊಳ್ಳಿ. ನಲ್ಲಿ ಸೆಕೆಂಡಿಗೆ 100 ಸಲ ಬಂದು ತುಂಬಿಸಿ ಹೋಗುತ್ತದೆ. ಎರಡು ಸಲದ ನಡುವೆ ಸೆಕೆಂಡಿನ ನೂರನೇ ಒಂದು ಭಾಗ ತೊಟ್ಟಿಯ ನೀರಿನಲ್ಲೇ ಕಾಲ ಹಾಕಬೇಕು. ಆ ಹೊತ್ತಿನಲ್ಲಿ 1 ಆಂಪಿಯರ್ ಎಳೆದರೆ 1000 ಮೈಕ್ರೋಫ್ಯಾರಡ್‌ನಲ್ಲಿ ವೋಲ್ಟೇಜ್ 10 ಕುಸಿಯುತ್ತದೆ, 2200ರಲ್ಲಿ 4.5, 4700ರಲ್ಲಿ 2.1. ನಿಜದಲ್ಲಿ ಸ್ವಲ್ಪ ಕಡಿಮೆಯೇ ಕುಸಿಯುತ್ತದೆ, ಆದರೆ ಅಳತೆ ಇದೇ. 1000 ಹಾಕಿದವರ ಸ್ಪೀಕರ್ ಯಾಕೆ ‘ಗುಂಯ್’ ಅನ್ನುತ್ತದೆ, ಡೊಳ್ಳಿನ ಪೆಟ್ಟಿಗೆ ಯಾಕೆ ಬಿರಿಯುತ್ತದೆ ಅಂತ ಈಗ ಗೊತ್ತಾಯಿತಲ್ಲ? ಎರಡೂ ಕಡೆಗೆ ಒಂದೊಂದು 4700, 35 ವೋಲ್ಟ್‌ನದು ಹಾಕಿ. ಧನ-ಋಣ ತಿರುಗಿಸಿ ಹಾಕಿದರೆ ಅದು ಸಿಡಿಯುತ್ತದೆ, ಮುಖ ದೂರ ಇರಲಿ. ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಅಂತ ಬರೆದಿರುತ್ತದೆ. ನಮ್ಮ ಕಡೆಗೆ 105ರದೇ ಸರಿ. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಇಂಥ ಕೆಪಾಸಿಟರ್‌ನ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಹಾಗಾಗಿ ಅದನ್ನು ಹೀಟ್ ಸಿಂಕ್‌ನ ಮಗ್ಗುಲಲ್ಲಿ ಕೂರಿಸಬೇಡಿ.

ಈಗ ನನ್ನನ್ನು ಸೋಲಿಸಿದ ಭಾಗಕ್ಕೆ ಬರೋಣ.

ಓಮ್‌ನ ನಿಯಮ ನಿಮಗೆ ಬರುತ್ತದೆ. ವಿಭವಾಂತರ = ಪ್ರವಾಹ × ರೋಧ. ಶಾಖಕ್ಕೂ ಇದೇ ಸೂತ್ರ ನಡೆಯುತ್ತದೆ. ವಿಭವಾಂತರದ ಜಾಗದಲ್ಲಿ ತಾಪದ ವ್ಯತ್ಯಾಸ, ಪ್ರವಾಹದ ಜಾಗದಲ್ಲಿ ಹರಿಯುವ ಶಾಖದ ವ್ಯಾಟ್, ರೋಧದ ಜಾಗದಲ್ಲಿ ಶಾಖರೋಧ. ಇದರ ಏಕಮಾನ ಒಂದು ವ್ಯಾಟಿಗೆ ಎಷ್ಟು ಡಿಗ್ರಿ ಅನ್ನುವುದು. ಚಿಪ್‌ನೊಳಗಿನ ಸಿಲಿಕಾನ್‌ನಿಂದ ಹೊರಟ ಶಾಖ ಗಾಳಿ ಸೇರುವವರೆಗೆ ಮೂರು ರೋಧಗಳನ್ನು ದಾಟಬೇಕು, ಮೂರೂ ಸರಣಿಯಲ್ಲಿವೆ. ಸಿಲಿಕಾನ್‌ನಿಂದ ಚಿಪ್‌ನ ಲೋಹದ ಬೆನ್ನಿಗೆ 3. ಬೆನ್ನಿನಿಂದ ಮೈಕಾ ಹಾಳೆ ಮತ್ತು ಪೇಸ್ಟ್ ದಾಟಿ ಹೀಟ್ ಸಿಂಕ್‌ಗೆ ಸುಮಾರು 1. ಅಲ್ಲಿಂದ ಗಾಳಿಗೆ ಎಷ್ಟು ಅನ್ನುವುದು ನೀವು ಆರಿಸುವ ಹೀಟ್ ಸಿಂಕ್ ಮೇಲೆ. ಮೊದಲ ಎರಡು ನಮ್ಮ ಕೈಲಿಲ್ಲ, ಮೂರನೆಯದು ಮಾತ್ರ ಇದೆ.

ಕಿಟ್ ಜೊತೆ ಬಂದ ಹೆಬ್ಬೆರಳಿನಷ್ಟು ಹೀಟ್ ಸಿಂಕ್‌ಗೆ 15 ಹಿಡಿಯಿರಿ. ಒಟ್ಟು 19. ಭಾಷಣ, ಹಾಡು ಅಂದರೆ ಚಿಪ್‌ನಲ್ಲಿ ಸರಾಸರಿ 5 ವ್ಯಾಟ್ ಶಾಖ. 5 × 19 = 95. ಜನವರಿಯ ಬೆಳಗ್ಗೆ ಪ್ರಯೋಗಾಲಯದಲ್ಲಿ 25 ಡಿಗ್ರಿ ಇತ್ತು. 25 + 95 = 120. ಚಿಪ್ ಸುಖವಾಗಿತ್ತು. ಏಪ್ರಿಲ್ 14ಕ್ಕೆ ತಗಡಿನ ಚಪ್ಪರದ ಕೆಳಗೆ 42 ಡಿಗ್ರಿ. ಕಿಂಡಿ ಇಲ್ಲದ ಪ್ಲೈವುಡ್ ಪೆಟ್ಟಿಗೆಯ ಒಳಗೆ 55. ಅಂದಕ್ಕೆ ಮಾಡಿಸಿದ್ದ ಪೆಟ್ಟಿಗೆ ಅದು! 55 + 95 = 150. ಈ ಚಿಪ್‌ನೊಳಗೆ ಸುಮಾರು 150 ಡಿಗ್ರಿಗೆ ತನ್ನನ್ನು ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆ ಇದೆ, ಸುಟ್ಟು ಹೋಗದಿರಲಿ ಅಂತ. ಆರಿದ ಮೇಲೆ ಮತ್ತೆ ಎಚ್ಚರವಾಗುತ್ತದೆ. ಹುಡುಗಿ ಕೂತ ಮೇಲೆ ಅದು ಮಾತಾಡಿದ್ದು ಅದಕ್ಕೇ.

ಆ ಸಂಜೆ ಈ ಕೂಡುವ ಲೆಕ್ಕ ಹಾಕಿ, ನಾನು ಒಂದು ಗಳಿಗೆ ಸುಮ್ಮನೆ ಕೂತೆ. ಇದನ್ನು ಜನವರಿಯಲ್ಲೇ ಮಾಡಬಹುದಿತ್ತು.

ಹಾಗಾದರೆ ನಮಗೆ ಎಷ್ಟರ ಹೀಟ್ ಸಿಂಕ್ ಬೇಕು? ಅತಿ ಕೆಟ್ಟ ಸಂದರ್ಭ ಹಿಡಿಯಬೇಕು. ಇಲ್ಲೊಂದು ಸೋಜಿಗ ಇದೆ. ಚಿಪ್ ಅತಿ ಹೆಚ್ಚು ಬಿಸಿಯಾಗುವುದು ಧ್ವನಿ ಪೂರ್ತಿ ಇಟ್ಟಾಗ ಅಲ್ಲ, ಪೂರ್ತಿ ಸಾಮರ್ಥ್ಯದ ಸುಮಾರು ಶೇ. 40ರಲ್ಲಿ ಇಟ್ಟಾಗ. ಪೂರ್ತಿ ಇಟ್ಟಾಗ ವೋಲ್ಟೇಜ್ ಬಹುಪಾಲು ಸ್ಪೀಕರಿಗೆ ಹೋಗುತ್ತದೆ, ಚಿಪ್ ಮೇಲೆ ಉಳಿಯುವುದು ಕಡಿಮೆ. ನಡುವೆ ಇಟ್ಟಾಗ ಕರೆಂಟೂ ಇರುತ್ತದೆ, ಚಿಪ್ ಮೇಲೆ ವೋಲ್ಟೇಜೂ ಇರುತ್ತದೆ. ಆಗಿನ ಶಾಖ: 2 × ವೋಲ್ಟೇಜಿನ ವರ್ಗ ÷ (ಪೈ ವರ್ಗ × ಸ್ಪೀಕರ್‌ನ ಓಮ್). 16 ವೋಲ್ಟ್, 8 ಓಮ್‌ಗೆ ಇದು 6.5 ವ್ಯಾಟ್. ಸುಮ್ಮನಿದ್ದಾಗಲೂ ಚಿಪ್ ಉಣ್ಣುವ 1.3 ಸೇರಿಸಿದರೆ ಹೆಚ್ಚುಕಡಿಮೆ 8.

ಸಿಲಿಕಾನ್ 125 ದಾಟಬಾರದು ಅಂತ ಇಟ್ಟುಕೊಳ್ಳೋಣ. ಪುಸ್ತಕದ 25 ಡಿಗ್ರಿಗೆ: 100 ÷ 8 = 12.5, ಅದರಲ್ಲಿ 3 ಮತ್ತು 1 ಕಳೆದರೆ 8.5. ನಮ್ಮ ಪೆಟ್ಟಿಗೆಯ 55ಕ್ಕೆ: 70 ÷ 8 = 8.75, 4 ಕಳೆದರೆ 4.75. ಅಂದರೆ ಊಟಿಯಲ್ಲಿ ಸಾಕಾಗುವ ಹೀಟ್ ಸಿಂಕ್‌ನ ಹೆಚ್ಚುಕಡಿಮೆ ಎರಡರಷ್ಟು ನೇಮಕಲ್ಲಿಗೆ ಬೇಕು. ಇನ್ನು 4 ಓಮ್ ಸ್ಪೀಕರ್ ಹಾಕಿದಿರೋ, ಶಾಖ 14 ವ್ಯಾಟ್ ದಾಟುತ್ತದೆ, ಹೀಟ್ ಸಿಂಕ್ 0.9ಕ್ಕೆ ಬರಬೇಕು. ಅದು ಇಡ್ಲಿ ಪಾತ್ರೆಯಷ್ಟು ದೊಡ್ಡದು. ಈ ಚಿಪ್‌ಗೆ, ಈ ವೋಲ್ಟೇಜಿಗೆ, ನಮ್ಮೂರಿನಲ್ಲಿ 4 ಓಮ್ ಬೇಡವೇ ಬೇಡ.

4.75 ಅಂದರೆ ಕಣ್ಣಿಗೆ ಹೇಗೆ ಕಾಣುತ್ತದೆ? ಒರಟು ಲೆಕ್ಕ ಹೇಳುತ್ತೇನೆ. ನೆಟ್ಟಗೆ ನಿಲ್ಲಿಸಿದ, ಎರಡೂ ಮುಖಕ್ಕೆ ಗಾಳಿ ತಾಗುವ, 10 ಸೆಂಮೀ × 12 ಸೆಂಮೀ ಅಳತೆಯ, 2-3 ಮಿಮೀ ದಪ್ಪದ ಅಲ್ಯೂಮಿನಿಯಂ ತಗಡು ಸುಮಾರು 4.2 ಕೊಡುತ್ತದೆ. ಕಿಟಕಿ ಮಾಡುವ ಅಂಗಡಿಗಳಲ್ಲಿ ಉಳಿದ ಅಲ್ಯೂಮಿನಿಯಂ ತುಂಡು ಕೇಳಿದರೆ ಕೊಡುತ್ತಾರೆ. ಸ್ಟೀಲ್ ತಟ್ಟೆ ಬಳಸಬೇಡಿ. ಸ್ಟೇನ್‌ಲೆಸ್ ಸ್ಟೀಲ್‌ನ ಶಾಖವಾಹಕತೆ ಅಲ್ಯೂಮಿನಿಯಂನ ಹತ್ತರಲ್ಲಿ ಒಂದು ಭಾಗವೂ ಇಲ್ಲ. ನೆಟ್ಟಗೇ ಯಾಕೆ? ಬಿಸಿ ಗಾಳಿ ಮೇಲೇರಿ ಕೆಳಗಿಂದ ತಂಪು ಗಾಳಿ ಬರಬೇಕಲ್ಲ, ಅದೇ ನೀವು ಓದಿದ ಸಂವಹನ. ಮಲಗಿಸಿದರೆ ಅಡಿಯ ಮುಖ ವ್ಯರ್ಥ. ಹೊಳೆಯುವ ಅಲ್ಯೂಮಿನಿಯಂ ವಿಕಿರಣಕ್ಕೆ ಜಿಪುಣ, ಅದಕ್ಕೇ ತೆಳ್ಳಗೆ ಕಪ್ಪು ಬಣ್ಣ ಹೊಡೆಯುವುದು. ಚಿಪ್ ಕೂರುವ ಜಾಗಕ್ಕೆ ಮಾತ್ರ ಹೊಡೆಯಬೇಡಿ.

ಚಿಪ್‌ನ ಬೆನ್ನಿನ ಲೋಹ ಒಳಗೆ ಋಣ ವೋಲ್ಟೇಜಿಗೆ ಸೇರಿರುತ್ತದೆ. ನೇರವಾಗಿ ತಗಡಿಗೆ ಬಿಗಿದು, ತಗಡು ಅರ್ತ್‌ಗೆ ತಾಗಿದರೆ ಫ್ಯೂಸ್ ಢಮಾರ್. ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಬೇಕೇ ಬೇಕು. ಮೈಕಾ ಅಂದರೆ ಅಭ್ರಕ, ನಮ್ಮ ರಾಜ್ಯದ ಗೂಡೂರಿನ ಗಣಿಗಳಿಗೆ ಹೆಸರು ತಂದದ್ದು. ಅದು ಕರೆಂಟನ್ನು ತಡೆಯುತ್ತದೆ, ತೆಳ್ಳಗಿದ್ದರೆ ಶಾಖವನ್ನು ಬಿಡುತ್ತದೆ. ಎರಡೂ ಕಡೆ ಪೇಸ್ಟ್ ಹಚ್ಚಿ, ಆದರೆ ಹೋಳಿಗೆಗೆ ತುಪ್ಪ ಸುರಿದ ಹಾಗೆ ಬೇಡ. ತಗಡಿನ ಸಣ್ಣ ಗುಂಡಿಗಳು ತುಂಬುವಷ್ಟು ಸಾಕು. ಬಿಗಿದ ಮೇಲೆ ಮಲ್ಟಿಮೀಟರ್‌ನಿಂದ ಚಿಪ್‌ನ ಬೆನ್ನು ಮತ್ತು ತಗಡಿನ ನಡುವೆ ಸಂಪರ್ಕ ಇಲ್ಲ ಅಂತ ನೋಡಿ.

ಇನ್ನೊಂದು ಶತ್ರು ಧೂಳು. ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಮಕ್ಕಳಿಗೆ ಹಗರಿ ದಂಡೆಯ ಮರಳು ಆಷಾಢದ ಗಾಳಿಗೆ ಹೇಗೆ ಏಳುತ್ತದೆ ಅಂತ ಹೇಳಬೇಕಿಲ್ಲ. ರಾಯದುರ್ಗದಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರಿದ್ದರೆ ನೂಲಿನ ಹಿಂಜು ಬಂದು ರೆಕ್ಕೆಗಳ ನಡುವೆ ಕೂರುತ್ತದೆ. ಒತ್ತೊತ್ತಾಗಿ ರೆಕ್ಕೆ ಇರುವ ಅಂದದ ಹೀಟ್ ಸಿಂಕ್‌ಗಿಂತ ದೂರ ದೂರ ರೆಕ್ಕೆ ಇರುವುದು, ಇಲ್ಲವೇ ಬೋಳು ತಗಡು ನಮಗೆ ಮೇಲು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಂಗಳಿಗೊಮ್ಮೆ ಗುಡಿಸಿ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟ ಮೇಲೆ ಮಾತ್ರ. 230 ವೋಲ್ಟ್‌ನ ಕೆಲಸವನ್ನು, ಅರ್ಧ ಆಂಪಿಯರ್ ಫ್ಯೂಸ್ ಹಾಕುವುದೂ ಸೇರಿ, ನಿಮ್ಮ ವಿಜ್ಞಾನ ಮೇಷ್ಟ್ರ ಎದುರಲ್ಲೇ ಮಾಡಿ.

ಬೇಸಿಗೆ ರಜೆಯಲ್ಲಿ ನಾನು ಆಂಪ್ಲಿಫೈಯರ್ ಬಿಚ್ಚಿ, ತಗಡನ್ನು ಪೆಟ್ಟಿಗೆಯ ಹಿಂದೆ, ಹೊರಗೆ ನಿಲ್ಲಿಸಿದೆ. ಹೊರಗಿದ್ದರೆ ಅದಕ್ಕೆ ತಾಗುವುದು 55ರ ಗಾಳಿ ಅಲ್ಲ, 42ರದು. ಮಧ್ಯಾಹ್ನ ಎರಡು ಗಂಟೆ ಕಾಲ ನುಡಿಸಿ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟೆ: 64 ಡಿಗ್ರಿ. ಲೆಕ್ಕದ ಪ್ರಕಾರ 63 ಬರಬೇಕಿತ್ತು. ಆಗಸ್ಟ್ 15ಕ್ಕೆ ಮೊದಲ ಭಾಷಣ ಯಾರದು ಅಂತ ಮುಖ್ಯೋಪಾಧ್ಯಾಯರು ಕೇಳಿದಾಗ ನಾನು ಯಾರ ಹೆಸರು ಹೇಳಿದೆ ಅಂತ ನೀವೇ ಊಹಿಸಿ.

ಆಂಪ್ಲಿಫೈಯರ್ ಇಲ್ಲದವರೂ ಈ ಅಳತೆ ಮಾಡಬಹುದು. 22 ಓಮ್, 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್ ಒಂದನ್ನು ಪೇಸ್ಟ್ ಹಚ್ಚಿ ತಗಡಿಗೆ ಬಿಗಿಯಿರಿ, 12 ವೋಲ್ಟ್ ಬ್ಯಾಟರಿ ಕೊಡಿ. 144 ÷ 22 = 6.5 ವ್ಯಾಟ್. ಅರ್ಧ ಗಂಟೆ ಬಿಟ್ಟು ತಗಡಿನ ತಾಪ, ಕೋಣೆಯ ತಾಪ ಎರಡೂ ಬರೆದುಕೊಂಡು, ವ್ಯತ್ಯಾಸವನ್ನು 6.5ರಿಂದ ಭಾಗಿಸಿ. ರೆಸಿಸ್ಟರ್ ಚೆನ್ನಾಗಿ ಸುಡುತ್ತದೆ, ಮುಟ್ಟಬೇಡಿ. ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ, ಒಮ್ಮೆ ಕಪ್ಪು ಬಳಿದು ಮಾಡಿ. ತಗಡಿನ ಅಳತೆ, ಊರು, ಕೋಣೆಯ ತಾಪ, ಬಂದ ಉತ್ತರ ಇಷ್ಟನ್ನು ಬರೆದು ಪತ್ರಿಕೆಗೆ ಕಳಿಸಿ. ಮಡಕಶಿರಾದವರದೂ ರಾಯದುರ್ಗದವರದೂ ಪಕ್ಕಪಕ್ಕ ಇಟ್ಟು ಮುಂದಿನ ಸಂಚಿಕೆಯಲ್ಲಿ ನೋಡೋಣ.