ಹಸಿ ಗಾಂಜಾ ಎಲೆ ಜ್ಯೂಸ್ ಆರೋಗ್ಯಕ್ಕೆ ಒಳ್ಳೇದಾ? ಕುಡಿಯೋ ಮುಂಚೆ ಇದನ್ನ ಓದಿ

ಹಸಿ ಗಾಂಜಾ ಎಲೆ ಮಿಕ್ಸಿಗೆ ಹಾಕಿ ಕುಡಿದರೆ ಮಂಡಿ ನೋವು ಹೋಗುತ್ತೆ, ನಶೆಯಂತೂ ಏರಲ್ಲ ಅಂತ ಹೇಳುವವರಿದ್ದಾರೆ. ಇದು ಪೂರ್ತಿ ನಿಜ ಅಲ್ಲ.

ಹಸಿ ಎಲೆಯಲ್ಲಿ ಹೆಚ್ಚಾಗಿ ಇರುವುದು ಟಿಎಚ್‌ಸಿಎ. ಇದು ಮತ್ತು ತರಲ್ಲ. ಆದರೆ ಒಣಗಿದಾಗ ಸ್ವಲ್ಪ, ಹುರಿದಾಗ, ಕುದಿಸಿದಾಗ ಇನ್ನೂ ಹೆಚ್ಚು ಟಿಎಚ್‌ಸಿ ಆಗಿ ಬದಲಾಗುತ್ತೆ. ಭಂಗಿ ತಲೆಗೇರೋದು ಅದರಿಂದಲೇ. ಸೇದಿದರೆ ನಿಮಿಷದಲ್ಲಿ ಗೊತ್ತಾಗುತ್ತೆ, ಹೊಟ್ಟೆಗೆ ಹೋದರೆ ಒಂದೆರಡು ಗಂಟೆ ಬೇಕಾಗಬಹುದು. ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ಲೋಟ ಕುಡಿದರೆ ಅಲ್ಲಿಗೆ ಎಡವಟ್ಟು: ಎದೆ ಬಡಿತ, ಗಾಬರಿ, ವಾಂತಿ. ಇನ್ನು ಹಸಿ ರಸದಿಂದ ಮಂಡಿ ನೋವು ವಾಸಿಯಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಕಾನೂನು ಏನನ್ನುತ್ತೆ? 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿ ಇಲ್ಲದ ಬರೀ ಎಲೆ ಆ ವ್ಯಾಖ್ಯೆಗೆ ಬರಲ್ಲ. ಆದರೆ ಹಸಿ ಎಲೆ ಬೇಕಂದ್ರೆ ಗಿಡ ಬೇಕಲ್ವಾ? ಅನುಮತಿ ಇಲ್ಲದೆ ಹಿತ್ತಲಲ್ಲಿ ಬೆಳೆಸಿದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ.

2021ರಲ್ಲಿ ಎಫ್‌ಎಸ್‌ಎಸ್‌ಎಐ ಆಹಾರ ಅಂತ ಒಪ್ಪಿದ್ದು ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟನ್ನು. ಎಲೆಯನ್ನಲ್ಲ.

ಮನೇಲಿ ಯಾರಾದ್ರೂ ಕುಡಿದು ಒದ್ದಾಡುತ್ತಿದ್ದರೆ ಬೈಕ್ ಕೀ ಕಿತ್ತಿಟ್ಟುಕೊಳ್ಳಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಡಾಕ್ಟರ್ ಹತ್ರ ನಿಜ ಹೇಳಿ, ಮುಚ್ಚಿಡಬೇಡಿ.