ಅಂಕೋಲೆ ದಾಟಿ ಹೋದವನು ಹೆಸರಿಟ್ಟ ಮೀನು

1801ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಗೋಕರ್ಣದಿಂದ ಅಂಕೋಲೆಗೆ, ಅಲ್ಲಿಂದ ಕಾಳಿ ನದಿ ಸಮುದ್ರ ಸೇರುವ ಸದಾಶಿವಗಡಕ್ಕೆ ಬಂದ. ಟಿಪ್ಪು ಮಡಿದು ಎರಡು ವರ್ಷವೂ ತುಂಬಿರಲಿಲ್ಲ. ಹೊಸದಾಗಿ ಕಂಪನಿಯ ಕೈಸೇರಿದ ಸೀಮೆಯ ಮಣ್ಣು, ಬೆಳೆ, ಕಂದಾಯ, ಜನಜಾತಿಗಳನ್ನು ಬರೆದುಕೊಳ್ಳುವುದು ಅವನ ಕೆಲಸ. 1807ರಲ್ಲಿ ಅಚ್ಚಾದ ಆ ಪ್ರವಾಸಕಥನವನ್ನು ಕೆನರಾದ ಚರಿತ್ರೆ ಬರೆಯುವವರು ಇಂದಿಗೂ ತಿರುವಿಹಾಕುತ್ತಾರೆ. ಆದರೆ ಇದೇ ಬುಕಾನನ್ ಮುಂದೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರು ಹೊತ್ತು, 1822ರಲ್ಲಿ ಎಡಿನ್‌ಬರೊದಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಪ್ರಕಟಿಸಿದ್ದು ನಮ್ಮ ಕಡೆ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಕೋಸಿ ನದಿಯ, ನೀಲಿ ಪಟ್ಟೆಗಳ ಪುಟ್ಟ ಮೀನೊಂದಕ್ಕೆ ಅವನು ಅದರಲ್ಲಿ 'ರೇರಿಯೊ' ಎಂದು ಹೆಸರಿಟ್ಟ. ಇಂದಿನ ಪ್ರಯೋಗಾಲಯಗಳ ಜೀಬ್ರಾಮೀನು ಅದೇ.

ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಇದನ್ನು ತಳಿವಿಜ್ಞಾನಕ್ಕೆ ಒಗ್ಗಿಸಿ ತೋರಿಸಿದರು. ತತ್ತಿ ತಾಯಿಯ ದೇಹದ ಹೊರಗೇ ಬೆಳೆಯುತ್ತದೆ, ಭ್ರೂಣ ಪಾರದರ್ಶಕ. ಅದಕ್ಕೆ ಬೇಕಾದ ನೀರು 28.5 ಡಿಗ್ರಿಯದು. ಚಳಿನಾಡಿನವರು ಕಾಯಿಸಿ ಕಾಪಾಡಬೇಕಾದ ಈ ಬಿಸುಪು ಕಾರವಾರದವರಿಗೆ ವರ್ಷದ ಬಹುಪಾಲು ಸಹಜ ಹವೆ.

ಈ ಪಾರದರ್ಶಕ ಮೀನಿನಲ್ಲಿ ಕಣ್ಣಾರೆ ನೋಡಬಹುದಾದವುಗಳಲ್ಲಿ ಒಂದು ಮೈಲಿನ್, ಅಂದರೆ ನರತಂತುಗಳನ್ನು ಪದರಪದರವಾಗಿ ಸುತ್ತುವ ಕೊಬ್ಬಿನ ಹೊದಿಕೆ. ಹೊದಿಕೆಯಿಲ್ಲದ ಸಣ್ಣ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಸುಮಾರು ಒಂದು ಮೀಟರ್ ಸಾಗಿದರೆ, ಹೊದಿಕೆಯಿರುವ ದಪ್ಪ ತಂತುವಿನಲ್ಲಿ ನೂರು ಮೀಟರ್ ಮುಟ್ಟಬಲ್ಲದು. ಮಿದುಳು ಮತ್ತು ಬೆನ್ನುಹುರಿಯಲ್ಲಿ ಈ ಹೊದಿಕೆ ಹಾಕುವವು ಆಲಿಗೊಡೆಂಡ್ರೋಸೈಟ್ ಕೋಶಗಳು. ಹೊರಗಿನ ನರಗಳಲ್ಲಿ ಶ್ವಾನ್ ಕೋಶಗಳು.

ಜೀಬ್ರಾಮೀನಿನ ಮರಿಯಲ್ಲಿ ಇವುಗಳ ಬಾಳನ್ನು ಜೀವಂತವಾಗಿಯೇ ನೋಡಬಹುದು. ಹೊಳೆಯುವ ಪ್ರೋಟೀನು ಸೇರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಬೆನ್ನುಹುರಿಯ ತಳಭಾಗದಲ್ಲಿ ಹುಟ್ಟಿದ ಎಳೆಯ ಆಲಿಗೊಡೆಂಡ್ರೋಸೈಟ್ ಕೋಶಗಳು ಎರಡನೆಯ ದಿನದ ಹೊತ್ತಿಗೆ ಹೊರಟು, ಸಪೂರ ಚಾಚುಗಳನ್ನು ನೀಡುತ್ತ, ಹಿಂತೆಗೆಯುತ್ತ, ನರತಂತುಗಳನ್ನು ತಡವುವುದು ಕಾಣುತ್ತದೆ. ಮೂರನೆಯ ದಿನ ಸುತ್ತುವಿಕೆ ಶುರು. ಒಂದು ಕೋಶ ಹೊಸ ಹೊದಿಕೆಗಳನ್ನು ಆರಂಭಿಸುವುದು ಸುಮಾರು ಐದೇ ಗಂಟೆಗಳ ಅವಧಿಯಲ್ಲಿ, ಆಮೇಲೆ ಹೊಸದನ್ನು ಹಾಕುವುದು ತೀರಾ ಅಪರೂಪ ಎಂದು 2013ರಲ್ಲಿ ತೋರಿಸಿದವರು, ಬುಕಾನನ್ ವೈದ್ಯಶಾಸ್ತ್ರ ಓದಿದ ಅದೇ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತಿ ದೊಡ್ಡ ಸಂಗತಿ ಇದೇ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದಲ್ಲಿ ಮೈಲಿನ್ ಕಳೆದುಕೊಂಡವರಿಗೆ ಹೊಸ ಕೋಶಗಳನ್ನು ಬೆಳೆಸುವ ದಾರಿ ಏಕೆ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶ್ವಾನ್ ಕೋಶಗಳ ಕಥೆ ಬೇರೆ. ನೀರಿನ ಅಲುಗಾಟ ಗ್ರಹಿಸುವ ಪಾರ್ಶ್ವರೇಖೆಯ ನರ ತಲೆಯಿಂದ ಬಾಲದತ್ತ ಬೆಳೆಯುವಾಗ ಅವೂ ಅದರ ಬೆನ್ನಿಗೇ ಸಾಗುತ್ತವೆ. ಜಿಪಿಆರ್126 ಎಂಬ ಜೀನ್ ಕೆಟ್ಟರೆ ಅವು ತಂತುವಿನ ಪಕ್ಕಕ್ಕೆ ಬಂದು ನಿಲ್ಲುತ್ತವೆ, ಸುತ್ತುವುದಿಲ್ಲ. 2009ರಲ್ಲಿ ಇದು ಗೊತ್ತಾದದ್ದು ಮೀನಿನಿಂದ. ಹುಟ್ಟುವಾಗಲೇ ಕೈಕಾಲಿನ ಕೀಲುಗಳು ಬಿಗಿದುಕೊಂಡ ಕೆಲವು ಮನುಷ್ಯಶಿಶುಗಳಲ್ಲಿ ಅದೇ ಜೀನಿನ ದೋಷವಿರುವುದು ಪತ್ತೆಯಾದದ್ದು ಆನಂತರ.